ಹದಿನೆಂಟು ಅಡಿ

ಚೀಲದೊಳಗಿನ ಕಲ್ಲು ಒಡೆಯುವ ಚಾಣದ ತುದಿ ಮೊಣಕಾಲಿಗೆ ಒತ್ತುತ್ತಿದ್ದರೂ ಕಾಟಪ್ಪ ಚೀಲವನ್ನು ಸರಿಸಲಿಲ್ಲ. ಸರಿಸಿದರೆ ಪಕ್ಕದಲ್ಲಿ ಕೂತ ಹೆಂಗಸು ಅದರೊಳಗೆ ಏನಿದೆ ಎಂದು ನೋಡಬಹುದು ಎನ್ನಿಸಿತ್ತು. ನೋಡಿದರೆ ತಾನೇ ಏನು? ಮೂವತ್ತೆಂಟು ವರ್ಷ ಗೌಂಡಿ ಕೆಲಸ ಮಾಡಿದವನ ಚೀಲದಲ್ಲಿ ಚಾಣ, ಸುತ್ತಿಗೆ, ಕರಣೆ ಬಿಟ್ಟು ಇನ್ನೇನಿರುತ್ತದೆ. ಆದರೆ ಇವತ್ತು ಅವನು ಕೆಲಸಕ್ಕೆ ಹೊರಟಿರಲಿಲ್ಲ. ಕರಣೆ, ಮಟ್ಟಗೋಲು ಎಲ್ಲವನ್ನೂ ಹರಿಹರದ ಮನೆಯಲ್ಲೇ ಬಿಟ್ಟು, ಚಾಣ ಮತ್ತು ಸುತ್ತಿಗೆಯನ್ನು ಮಾತ್ರ ಹಾಕಿಕೊಂಡಿದ್ದ. ರೂಢಿಯಿಂದ ಹಾಕಿಕೊಂಡೆ ಎಂದು ಬಸ್ಸು ಹತ್ತುವಾಗ ತನಗೆ ತಾನೇ ಹೇಳಿಕೊಂಡ. ಬಸ್ಸು ತುಂಗಭದ್ರೆಯ ಊರನ್ನು ಹಿಂದೆ ಬಿಟ್ಟು ದಾವಣಗೆರೆಯ ಕಡೆ ತಿರುಗಿದಾಗ ಆ ಮಾತು ಸುಳ್ಳೆಂದು ಅವನಿಗೇ ಗೊತ್ತಾಯಿತು. ನಿನ್ನೆ ಸಂಜೆ ಇಂಜಿನಿಯರ್ ಕೃತಿಕಾ ಮೇಡಂ ಫೋನು ಮಾಡಿದ್ದಳು. “ಕಾಟಪ್ಪನೋರೆ, ನಾಳೆ ಹತ್ತು ಗಂಟೆಗೆ ಪಾರ್ಕಿಗೆ ಬರ್ತೀರಾ? ನಮ್ಮ ಮೇಲಧಿಕಾರಿ ನಾಗಭೂಷಣ್ ಸಾಹೇಬ್ರು ಬರ್ತಾರೆ. ದಾರಿ ಮೇಲೆ ನೀರು ಬಿಟ್ಟು ನೋಡ್ತಾರಂತೆ. ನೀರು ನಿಂತರೆ ದಾರೀನೆಲ್ಲ ಕಿತ್ತು ಟೈಲ್ಸ್ ಹಾಕ್ರಿ ಅಂದಾರೆ. ನಂಗೆ ನೋಟಿಸು. ನೀವು ಹಾಕಿದ ಕಾಂಕ್ರೀಟು, ನೀವಿದ್ರೆ ಸ್ವಲ್ಪ ಧೈರ್ಯ.” ಬರ್ತೀನ್ರಿ ಎಂದಿದ್ದ. ನೀರು ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂಬುದು ಲೋಕದಲ್ಲಿ ತನಗೊಬ್ಬನಿಗೇ ಗೊತ್ತು. ಧೈರ್ಯ ಎಂಬ ಆ ಮಾತು ಊಟದ ತಟ್ಟೆಯ ಮುಂದೆಯೂ, ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗಲೂ ಕಿವಿಯ ಹತ್ತಿರ ನೊಣದ ಹಾಗೆ ಸುತ್ತುತ್ತಿತ್ತು.

ಕಿಟಕಿಯಾಚೆ ಗದ್ದೆಗಳಲ್ಲಿ ನೀರು ನಿಂತಿತ್ತು. ಗದ್ದೆಯಲ್ಲಿ ನಿಂತ ನೀರು ಯಾರಿಗೂ ತಪ್ಪಾಗಿ ಕಾಣುವುದಿಲ್ಲ. ಕೊಕ್ಕನೂರಿನಲ್ಲಿ ಅವನ ಅಪ್ಪ ಬದುವಿನ ತೂತುಗಳನ್ನು ಹಿಮ್ಮಡಿಯಿಂದ ತುಳಿದು ತುಳಿದು ಮುಚ್ಚುತ್ತಿದ್ದ. ಇರುವ ತೂತನ್ನು ಮುಚ್ಚುವುದು ಅವರ ಮನೆತನದಲ್ಲೇ ಬಂದದ್ದು. ಹೋದ ವರ್ಷ ಕೆ.ಬಿ. ಬಡಾವಣೆಯ ಪಾರ್ಕಿನಲ್ಲಿ ಕೆಲಸದ ಮೊದಲ ದಿನ ಕೃತಿಕಾ ಜಲ್ಲಿಯ ರಾಶಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಒಂದು ಹಿಡಿ ಜಲ್ಲಿಯನ್ನು ಅಂಗೈಯಲ್ಲಿ ಹಿಡಿದು, ತನ್ನ ಬಾಟಲಿಯ ನೀರನ್ನು ಅದರ ಮೇಲೆ ಸುರಿದು ತೋರಿಸಿದ್ದಳು. ನೀರು ಬೆರಳ ಸಂದಿಯಿಂದ ಇಳಿದುಹೋಯಿತು. “ಹಿಂಗೇ ಇಳೀಬೇಕು ಕಾಟಪ್ಪನೋರೆ. ಉಸುಕು ಹಾಕಂಗಿಲ್ಲ. ಜಲ್ಲಿ, ಸಿಮೆಂಟು, ಸ್ವಲ್ಪೇ ನೀರು. ಕೆಳಗೆ ಒಂದೂವರೆ ಅಡಿ ಬರೀ ಜಲ್ಲಿ. ಮಳೆ ನೀರು ದಾರಿಯೊಳಗೆ ಇಳಿದು ಮಣ್ಣಿಗೆ ಸೇರ್ಬೇಕು. ಗೇಟು ದಾಟಿ ಕೆಳಗಿನ ಬೀದಿ ಮನೆಗಳಿಗೆ ನುಗ್ಗಬಾರದು.” ಅವನು ನಕ್ಕಿದ್ದ. “ಉಸುಕಿಲ್ಲದ ಕಾಂಕ್ರೀಟು ಅಂದ್ರ ಉಪ್ಪಿಲ್ಲದ ಸಾರು ಇದ್ದಂಗ್ರಿ ಮೇಡಂ.” ಅವಳೂ ನಕ್ಕಳು. ಕೆಲಸ ನಡೆದ ದಿನಗಳಲ್ಲೆಲ್ಲ ಅವಳು ತನಗೆ ತರಿಸಿಕೊಂಡ ಚಹಾವನ್ನು ಅವನಿಗೂ ತರಿಸುತ್ತಿದ್ದಳು. ಅದೂ ಪ್ಲಾಸ್ಟಿಕ್ ಲೋಟದಲ್ಲಲ್ಲ, ಅವಳು ಕುಡಿಯುವಂಥದೇ ಗಾಜಿನ ಲೋಟದಲ್ಲಿ. ಸರ್ಕಾರಿ ಕೆಲಸದಲ್ಲಿ ಗೌಂಡಿಯನ್ನು ಯಾರೂ ‘ಅವರೆ’ ಎಂದು ಕರೆಯುವುದಿಲ್ಲ. ಅವಳು ಹೇಳಿದ್ದನ್ನು ಅವನ ತಲೆ ಒಪ್ಪಿತು. ಕೈ ಮಾತ್ರ ಒಪ್ಪಲಿಲ್ಲ. ಕರಣೆ ಹಿಡಿದ ಕೈ ಪ್ರತಿ ತೂತಿನ ಮೇಲೂ ತಡವರಿಸಿ ನಿಲ್ಲುತ್ತಿತ್ತು.

ಆ ಕೈಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಹರಿಹರದಲ್ಲಿ ಒಂದು ಮಾಳಿಗೆ ಮನೆಯ ಕಂಬಕ್ಕೆ ಕಾಂಕ್ರೀಟು ಸುರಿದಿತ್ತು. ಹಲಗೆ ಬಿಚ್ಚಿದಾಗ ಕಂಬದ ಬುಡದಲ್ಲಿ ಜೇನುಗೂಡಿನ ಹಾಗೆ ತೂತು ತೂತು. ಮೇಸ್ತ್ರಿ ಬೈಯಲಿಲ್ಲ, ಹೊಡೆಯಲೂ ಇಲ್ಲ. ಬುಟ್ಟಿ ಹೊರುವವರನ್ನೆಲ್ಲ ಕರೆದು ಸುತ್ತ ನಿಲ್ಲಿಸಿ, “ಒಂದೊಂದು ತೂತಿಗೂ ಬೆರಳು ಇಟ್ಟು ಎಣಿಸಲೇ, ಎಲ್ಲರಿಗೂ ಕೇಳಂಗೆ” ಎಂದ. ಕಾಟಪ್ಪ ಮೊಣಕಾಲೂರಿ ಎಣಿಸಿದ. ಒಂದು, ಎರಡು, ಹನ್ನೊಂದು. ಯಾರೋ ಕಿಸಕ್ಕೆಂದರು. ನಲವತ್ತಮೂರಕ್ಕೆ ಮೇಸ್ತ್ರಿ “ಸಾಕು” ಎಂದ. ತಲೆ ಎತ್ತಿದಾಗ ಎಲ್ಲರ ಮುಖವೂ ಅವನ ಮೇಲಿತ್ತು, ಒಬ್ಬಳದನ್ನು ಬಿಟ್ಟು. ಸಿಂಬೆಯನ್ನು ಕೈಯಲ್ಲಿ ಹಿಡಿದ ಒಬ್ಬ ಹುಡುಗಿ ಬೆನ್ನು ತಿರುಗಿಸಿ, ಖಾಲಿ ಬುಟ್ಟಿಯೊಳಗೆ ಏನೋ ಬಿದ್ದುಹೋಗಿದೆ ಎನ್ನುವಂತೆ ಹುಡುಕುತ್ತಿದ್ದಳು. ಅವಳೇ ಮುಂದೆ ಅವನ ಹೆಂಡತಿಯಾದ ಯಲ್ಲಕ್ಕ. ಮದುವೆಯಾಗಿ ಹತ್ತು ವರ್ಷ ಕಳೆದ ಮೇಲೆ, ಯಾವುದೋ ಮನೆಯ ಗೋಡೆಯನ್ನು ಅವನು ತಿಕ್ಕಿ ತಿಕ್ಕಿ ನುಣುಪು ಮಾಡುತ್ತಿದ್ದಾಗ, “ಗ್ವಾಡಿಯೊಳಗೆ ಮುಖ ನೋಡ್ಕೊಬೇಕೇನು ಮಾರಾಯ? ನಲವತ್ತಮೂರು ಆಗ್ಲೇ ಮುಚ್ಚಿ ಹೋತು ಬಿಡು” ಎಂದಳು. ನೋಡದಿದ್ದರೂ ಪೂರ್ತಿ ಕೇಳಿಸಿಕೊಂಡಿದ್ದಳು.

ಬಸ್ಸು ದಾವಣಗೆರೆಯೊಳಗೆ ನುಗ್ಗಿತು. ಮಂಡಕ್ಕಿ ಭಟ್ಟಿಯ ಹೊಗೆಯ ವಾಸನೆ ಬಂದು ಹೋಯಿತು. ಆವತ್ತಿನ ಸಂಜೆಯೂ ಇದೇ ವಾಸನೆ ಇತ್ತು. ಹಾಕುತ್ತಿದ್ದದ್ದು ದಾರಿಯ ಕೊನೆಯ ಭಾಗ, ಪಾರ್ಕಿನ ಇಳಿಜಾರು ಬಂದು ಸೇರುವ ತಗ್ಗಿನಲ್ಲಿ, ಕಲ್ಲುಬೆಂಚಿನ ಎದುರಿಗೆ. ಮೇಡಂ ಆಫೀಸಿನಿಂದ ಕರೆ ಬಂತೆಂದು ಬೇಗ ಹೋಗಿದ್ದಳು. ಆಗ ನಿಂಗರಾಜು ಬಂದ. ಅಕ್ಕನ ಮಗ, ತಾನೇ ಕರಣೆ ಹಿಡಿಯಲು ಕಲಿಸಿದವನು, ಈಗ ಹನ್ನೆರಡು ಆಳುಗಳ ಮೇಸ್ತ್ರಿ. ಬೈಕು ನಿಲ್ಲಿಸಿ, ದಾರಿಯ ಮೇಲೆ ಬಗ್ಗಿ, “ಇದೇನ್ ಮಾವ, ಮಂಡಕ್ಕಿ ಉಂಡೆ ಕಟ್ಟೀಯಲ್ಲ!” ಎಂದ. “ಕಣ್ಣು ಕಾಣ್ತಾವೇನು ಇಲ್ಲ? ಹರಿಹರದಾಗ ಕಾಟಪ್ಪನ ಕೆಲಸ ಅಂದ್ರ ಗಾಜು ಅಂತಿದ್ರು.” ಜೊತೆಗೆ ಬಂದಿದ್ದ ಇಬ್ಬರು ನಕ್ಕರು. ಇದು ಹೀಗೇ ಇರಬೇಕು ಕಣೋ, ನೀರು ಇಳಿಯಲಿಕ್ಕೆ ಎಂದು ಕಾಟಪ್ಪ ಹೇಳಬಹುದಿತ್ತು. ಹೇಳಿದನೋ ಏನೋ. ಹೇಳಿದ್ದರೂ ಅವನ ದನಿಯಲ್ಲಿ ಅವನಿಗೇ ನಂಬಿಕೆ ಇರಲಿಲ್ಲ. ಅವರು ಹೋದ ಮೇಲೆ ಆಳುಗಳನ್ನೂ ಮನೆಗೆ ಕಳಿಸಿ, ಉಳಿದಿದ್ದ ಒಂದು ಚೀಲ ಸಿಮೆಂಟನ್ನು ಗಂಜಿಯ ಹಾಗೆ ತೆಳ್ಳಗೆ ಕಲಸಿ, ಸೂರ್ಯ ಮುಳುಗುವ ಬೆಳಕಿನಲ್ಲಿ ಹದಿನೆಂಟು ಅಡಿ ದಾರಿಗೆ ಹಚ್ಚಿ ಕರಣೆ ಎಳೆದ. ಸಿಮೆಂಟು ಮುಗಿಯದಿದ್ದರೆ ಪಾರ್ಕಿನ ಸುತ್ತ ಪೂರ್ತಿ ಎಳೆಯುತ್ತಿದ್ದನೋ ಏನೋ. ಎಷ್ಟೋ ದಿನಗಳ ನಂತರ ಕೈಗೆ ನೆಮ್ಮದಿ ಸಿಕ್ಕಿತ್ತು. ಮೇಲೆ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಇಟ್ಟಿಗೆ ಇಟ್ಟು, ಕಾಲು ತೊಳೆದುಕೊಂಡು ಹೊರಟ.

ಏಳು ದಿನ ಬಿಟ್ಟು ಪ್ಲಾಸ್ಟಿಕ್ ತೆಗೆದಾಗ ಕೃತಿಕಾ ಆ ಜಾಗದಲ್ಲಿ ಬಗ್ಗಿ ಅಂಗೈ ಆಡಿಸಿದಳು. “ಇಲ್ಲಿ ನುಣ್ಣಗೆ ಬಂದೈತಲ್ಲ?” ಎಂದಳು. ಅದು ಪ್ರಶ್ನೆಯೋ ಮೆಚ್ಚುಗೆಯೋ ಗೊತ್ತಾಗಲಿಲ್ಲ. ಅವನ ಬಾಯಿಂದ, “ಹಂಗೇ ಬಂದೈತ್ರಿ” ಎಂಬ ಮಾತು ಬಂತು. ಅವಳು ಒಂದು ಗಳಿಗೆ ಹಾಗೇ ಕೂತಿದ್ದು ಎದ್ದಳು. ಎರಡು ದಿನಕ್ಕೆ ಉದ್ಘಾಟನೆ. ಉದ್ಘಾಟನೆ ಮುಗಿದು, ಹಾರ ಹಾಕಿಸಿಕೊಂಡವರೆಲ್ಲ ಕಾರು ಹತ್ತಿದ ಮೇಲೆ, ಅವಳು ಅವನನ್ನು ಮರದ ಹತ್ತಿರ ಕರೆದು ಕಾಗದದಲ್ಲಿ ಸುತ್ತಿದ ಒಂದು ಟವಲ್ಲು ಕೊಟ್ಟಳು. “ಮನೆ ಕಟ್ಟಿಸಿದೋರು ಗೌಂಡಿಗೆ ಬಟ್ಟೆ ಕೊಡ್ತಾರಂತಲ್ಲ, ನಮ್ಮಜ್ಜಿ ಹೇಳ್ತಿದ್ಲು. ಪಾರ್ಕಿಗೆ ಮನೆಯೋರು ಯಾರೂ ಇಲ್ಲ, ನಾನೇ ಕೊಡ್ತೀನಿ.” ಅವನು ಎರಡೂ ಕೈಯಲ್ಲಿ ಇಸಿದುಕೊಂಡ. ಆ ಟವಲ್ಲು ಮಡಿಕೆ ಬಿಚ್ಚದೆ ಟ್ರಂಕಿನಲ್ಲಿ ಯಲ್ಲಕ್ಕನ ಸೀರೆಗಳ ಮೇಲಿದೆ. ಹೆಗಲಿಗೆ ಹಾಕಿಕೊಳ್ಳಲು ಒಂದೆರಡು ಸಲ ತೆಗೆದಿದ್ದ, ಮತ್ತೆ ಒಳಗಿಟ್ಟಿದ್ದ.

ಈ ವರ್ಷದ ಮಳೆಗೆ ಸುತ್ತಣ ದಾರಿಯೆಲ್ಲ ನೀರು ಕುಡಿದು ಒಣಗಿತು. ಹದಿನೆಂಟು ಅಡಿಯಲ್ಲಿ ಮಾತ್ರ ನೀರು ನಿಂತು, ಪಾಚಿ ಕಟ್ಟಿ, ದಿನಾ ವಾಕಿಂಗ್ ಬರುತ್ತಿದ್ದ ಸರ್ವಮಂಗಳಮ್ಮ ಎಂಬ ಮುದುಕಿ ಜಾರಿ ಬಿದ್ದು ಕೈ ಮುರಿದುಕೊಂಡರು. ಇಷ್ಟನ್ನೂ ಮೇಡಂ ಹಿಂದೊಮ್ಮೆ ಫೋನಿನಲ್ಲಿ ಹೇಳಿದಾಗ ಕಾಟಪ್ಪ “ಅಯ್ಯೋ” ಎಂದ. ಆ ಅಮ್ಮನನ್ನು ಅವನು ಬಲ್ಲ. ಕೆಲಸ ನಡೆಯುವಾಗ ಅವರು ಅದೇ ಬೆಂಚಿನ ಮೇಲೆ ಕೂತು, ಚೀಲದಿಂದ ಬಾಳೆಹಣ್ಣು ತೆಗೆದು ಆಳುಗಳಿಗೆ ಕೊಡುತ್ತಿದ್ದರು. ನೋಡಲು ಹೋಗಬೇಕೆಂದುಕೊಂಡು ಹೋಗಲಿಲ್ಲ. ನಿಂತ ನೀರು. ಯಲ್ಲಕ್ಕನ ಪಾದಗಳು ಬಾತುಕೊಳ್ಳತೊಡಗಿದಾಗಲೂ ಅವನು, “ಸೀರೆ ಸ್ವಲ್ಪ ಕೆಳಗೆ ಬಿಟ್ಕೊ, ನೋಡಿದೋರು ಏನಾರ ಅಂತಾರೆ” ಎಂದಿದ್ದ. ಅವಳು ಬಿಟ್ಟುಕೊಂಡಳು. ಹಾಗೇ ಎರಡು ತಿಂಗಳು ಕೆಲಸಕ್ಕೆ ಬಂದಳು. ಆಸ್ಪತ್ರೆಯಲ್ಲಿ ಸೀರೆಯ ಅಂಚನ್ನು ಎತ್ತಿದ ಡಾಕ್ಟರು ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. “ನೀರು ತುಂಬೈತೆ. ಇಷ್ಟು ದಿನ ಏನ್ ಮಾಡ್ತಿದ್ರಿ?” ಎಂದು ಕೇಳಿದರು. ಯಲ್ಲಕ್ಕ ಅಲ್ಲಿಂದ ಮನೆಗೆ ಮರಳಲಿಲ್ಲ. ಕಂಡಕ್ಟರು ಸೀಟಿ ಊದಿದ. ಕಾಟಪ್ಪ ಒಂದು ಸ್ಟಾಪು ಮುಂದೆ ಹೋಗಿ ಇಳಿದು, ಅಷ್ಟು ದೂರವನ್ನು ಹಿಂದಕ್ಕೆ ನಡೆದ.

ಪಾರ್ಕಿನಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಸರ್ವಮಂಗಳಮ್ಮ ಮಾತ್ರ ಬಲಗೈಗೆ ಪಟ್ಟಿ ಕಟ್ಟಿಸಿಕೊಂಡು, ಕೊರಳಿಂದ ಜೋಳಿಗೆಯ ಹಾಗೆ ಬಟ್ಟೆ ಇಳಿಬಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. “ಬಾರಪ್ಪ ಕಾಟಪ್ಪ, ಕೂಡು ಬಾ” ಎಂದು ಪಕ್ಕಕ್ಕೆ ಸರಿದರು. ಅವನು ಕೂಡದೆ ನಿಂತ.

“ಕೈ ಹೆಂಗೈತ್ರಿ ಅಮ್ಮೋರೆ?”

“ಐತೆ, ಎಲ್ಲಿಗೂ ಹೋಗಿಲ್ಲ. ಬಿದ್ದದ್ದರಿಂದ ಒಂದು ಲಾಭ ಆತು ನೋಡು, ದಿನಾ ಬೆಳಿಗ್ಗೆ ಸೊಸೆ ತಲೆ ಬಾಚ್ತಾಳೆ. ಚಿಕ್ಕವಳಿದ್ದಾಗ ನಮ್ಮವ್ವ ಬಾಚಿದ್ದು, ಆಮೇಲೆ ಈಗಲೇ.” ಅವರು ನಕ್ಕರು. “ನೀ ಯಾಕ ಸೊರಗೀಯಲ್ಲ? ಉಂಡು ಬಂದೀಯೋ ಇಲ್ಲೋ?”

ಉಂಡಿದ್ದೇನೆ ಎಂದ. ಉಂಡಿರಲಿಲ್ಲ. ಅವರು ಕಾಲಿಟ್ಟಿದ್ದ ಜಾಗದಲ್ಲಿ ಒಣಗಿದ ಪಾಚಿಯ ಅಡಿಯಿಂದ ಅವನ ಕರಣೆಯ ಗುರುತುಗಳು ಕಾಣುತ್ತಿದ್ದವು. ಅರ್ಧಚಂದ್ರದ ಹಾಗೆ, ಒಂದರ ಬೆನ್ನಿಗೆ ಒಂದು. ಎಡಗೈಯಲ್ಲಿ ಕರಣೆ ಎಳೆಯುವ ಗೌಂಡಿ ಈ ಸುತ್ತಿನಲ್ಲಿ ಅವನೊಬ್ಬನೇ. ಗೊತ್ತಿದ್ದವರಿಗೆ ಅದು ಅವನ ಸಹಿ ಇದ್ದ ಹಾಗೆ.

ಹತ್ತೂವರೆಗೆ ಕೃತಿಕಾ ನಾಗಭೂಷಣ್ ಸಾಹೇಬರ ಹಿಂದೆ ಬಂದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವನನ್ನು ಕಂಡು ತಲೆಯಾಡಿಸಿದಳು. ಪಾರ್ಕಿನ ಮಾಲಿ ಬೆಂಚಿನ ಹಿಂದಿದ್ದ ಟ್ಯಾಂಕಿನ ನಲ್ಲಿಗೆ ಪೈಪು ಜೋಡಿಸಿ ಗೇಟಿನ ಕಡೆಯಿಂದ ನೀರು ಬಿಡುತ್ತ ಬಂದ. ನೀರು ದಾರಿಯ ಮೇಲೆ ಬಿದ್ದಲ್ಲೇ ಸುರ್ರೆಂದು ಮಾಯವಾಯಿತು. ಸಾಹೇಬರು ಬೂಟಿನ ತುದಿಯಿಂದ ಮುಟ್ಟಿ ನೋಡಿ, “ಅರೆ, ಎಲ್ಲಿ ಹೋತ್ರಿ ನೀರು?” ಎಂದರು. ದನಿಯಲ್ಲಿ ನಿಜವಾದ ಬೆರಗಿತ್ತು. ಕೃತಿಕಾಳ ಮುಖ ಸ್ವಲ್ಪ ಬಿಚ್ಚಿಕೊಂಡಿತು. ಕಾಟಪ್ಪನಿಗೂ ಒಂದು ಕ್ಷಣ ಹೆಮ್ಮೆಯಾಯಿತು, ತಾನು ಹಾಕಿದ್ದಲ್ಲವೇ. ಪೈಪು ಬೆಂಚಿನ ಎದುರಿಗೆ ಬಂತು. ನೀರು ನಿಂತಿತು. ನಿಂತು ಹರಡಿ, ಮೋಡವನ್ನೂ ಮರದ ಕೊಂಬೆಯನ್ನೂ ತನ್ನೊಳಗೆ ಕಾಣಿಸುತ್ತ ಸಾಹೇಬರ ಬೂಟಿನ ಕಡೆ ಸರಿಯತೊಡಗಿತು.

“ಇದೇನ್ ಮೇಡಂ, ನಿಮ್ಮ ದಾರಿಗೆ ಮನಸ್ಸು ಬಂದ ಕಡೆ ಮಾತ್ರ ಬಾಯಾರತೈತೇನು?” ನಾಗಭೂಷಣ್ ಹಿಂದೆ ಸರಿದರು. “ಒಂದು ಕಡೆ ಹಿಂಗಾದ್ರೆ ನಾಳೆ ಎಲ್ಲ ಕಡೆನೂ ಆಗತೈತೆ. ಕಿತ್ತು ಟೈಲ್ಸ್ ಹಾಕ್ಸೋದೇ ಸರಿ. ವಯಸ್ಸಾದೋರು ಕೈ ಮುರ್ಕೊಂಡಾರೆ, ನಾನು ಮೇಲಿನೋರಿಗೆ ಏನಂತ ಬರೀಲಿ?”

“ದಾರೀದು ತಪ್ಪಿಲ್ಲ ಸರ್.” ಕೃತಿಕಾ ನೀರನ್ನೇ ನೋಡುತ್ತಿದ್ದಳು. “ಈ ಭಾಗ ಹಾಕೋವಾಗ ನಾನು ಬೇಗ ಹೋಗಿದ್ದೆ. ಮೇಲ್ವಿಚಾರಣೆ ನಂದು. ನೋಟಿಸಿಗೆ ಉತ್ತರದಾಗ ಅದನ್ನೇ ಬರೆದೀನಿ.”

ಅವಳು ಕಾಟಪ್ಪನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಒಳ್ಳೆಯದಿತ್ತು. ಸರ್ಕಾರಿ ನೌಕರಿಯವಳು, ಒಂದು ನೋಟಿಸಿಗೆ ಏನೂ ಆಗುವುದಿಲ್ಲ ಎಂಬ ಮಾತು ಅವನ ತಲೆಯೊಳಗೆ ತಾನೇ ತಾನಾಗಿ ಹುಟ್ಟಿತು. ತನ್ನದಾದರೆ ಹಾಗಲ್ಲ. ನಾಳೆ ನಿಂಗರಾಜುವಿನ ಬಾಯಿಂದ ಹರಿಹರದ ಪ್ರತಿ ಕಟ್ಟಡಕ್ಕೂ ಸುದ್ದಿ ಹೋಗುತ್ತದೆ. ಇನ್ನು ಮೇಲೆ ಅವನ ಗೋಡೆಗೆ ಮಟ್ಟಗೋಲು ಹಿಡಿದು ನೋಡುತ್ತಾರೆ. ಹೆಸರೊಂದನ್ನು ಬಿಟ್ಟರೆ ಅವನ ಮನೆಯಲ್ಲಿ ಇನ್ನೇನಿದೆ? ಹೀಗೆಂದುಕೊಳ್ಳುತ್ತಿರುವಾಗಲೇ ನೀರು ಬೆಂಚಿನ ಕೆಳಗೆ ನುಗ್ಗಿತು. ಸರ್ವಮಂಗಳಮ್ಮ ಎರಡೂ ಪಾದಗಳನ್ನು ಮೇಲೆತ್ತಿದರು. ಸೀರೆಯ ಅಂಚು ನೀರಿಗೆ ತಾಗುತ್ತಿತ್ತು. ಒಂದೇ ಕೈಯಲ್ಲಿ ಅದನ್ನು ಹಿಡಿಯಲು ಬಗ್ಗಿದರು, ಸಿಗಲಿಲ್ಲ, ಮತ್ತೆ ಬಗ್ಗಿದರು. ಸೀರೆಯ ಅಂಚಿನ ಕೆಳಗೆ ಮುದಿ ಪಾದಗಳು ಗಾಳಿಯಲ್ಲಿ ಸಣ್ಣಗೆ ನಡುಗುತ್ತಿದ್ದವು.

“ನಾ ಮುಚ್ಚೀನ್ರಿ” ಎಂದ ಕಾಟಪ್ಪ.

“ಏನು?”

“ತೂತು ನಾ ಮುಚ್ಚೀನ್ರಿ ಸಾಹೇಬ್ರ. ಸಿಮೆಂಟು ಕಲಸಿ ಮ್ಯಾಲೆ ಹಚ್ಚೀನಿ. ಮುಚ್ಚಬಾರದು ಅಂತ ಮೇಡಮ್ಮೋರು ಮೊದಲೇ ಹೇಳಿದ್ರು. ಅವರು ಹೋದ ಮ್ಯಾಲೆ ಹಚ್ಚಿದೆ.”

“ಯಾಕಪ್ಪ?”

ಉತ್ತರ ಎಲ್ಲಿಂದ ಶುರುಮಾಡಬೇಕು? ಹರಿಹರದ ಕಂಬದಿಂದಲೋ, ಬೈಕಿನ ಮೇಲಿನ ನಗೆಯಿಂದಲೋ? “ಚಂದ ಕಾಣ್ಲಿ ಅಂತ್ರಿ” ಎಂದ. ಅದು ನಿಜವಲ್ಲ, ಸುಳ್ಳೂ ಅಲ್ಲ.

ನಾಗಭೂಷಣ್ ಜೋರಾಗಿ ನಕ್ಕರು. ಮಾಲಿಯೂ ನಕ್ಕ. “ಜರಡಿಗೆ ಬೆಣ್ಣೆ ಮೆತ್ತಿದಂಗಾತಲ್ಲೋ ಮಾರಾಯ! ಎಷ್ಟು ವರ್ಷ ಆತು ಗೌಂಡಿ ಕೆಲಸ ಹಿಡಿದು?”

“ಮೂವತ್ತೆಂಟ್ರಿ.”

“ಎಷ್ಟು?”

“ಮೂವತ್ತೆಂಟು.” ಈ ಸಲ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ತಲೆ ಎತ್ತಿದಾಗ ಸಾಹೇಬರು, ಮಾಲಿ, ವಾಕಿಂಗಿನ ಇಬ್ಬರು ಗಂಡಸರು, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕೃತಿಕಾ ಬೆನ್ನು ತಿರುಗಿಸಿ, ಮಾಲಿ ಆಗಲೇ ನಿಲ್ಲಿಸಿದ್ದ ನಲ್ಲಿಯನ್ನು ಬಗ್ಗಿ ತಿರುಗಿಸುತ್ತಿದ್ದಳು. ಮುಚ್ಚಿದ್ದ ನಲ್ಲಿಯನ್ನು ಇನ್ನೂ ಬಿಗಿ ಮಾಡುತ್ತಿದ್ದಳು.

ಸಾಹೇಬರು ಕೆಟ್ಟವರೇನಲ್ಲ. ನಗು ಮುಗಿದ ಮೇಲೆ ಬಗ್ಗಿ, ಕಾರಿನ ಕೀಲಿಯಿಂದ ಒಂದಿಷ್ಟು ಕೆರೆದು ನೋಡಿದರು. “ಮೇಲಿನ ಪದರು ಹೋದ್ರೆ ನೀರು ಇಳೀತೈತಾ ಮೇಡಂ? ಶುಕ್ರವಾರದ ತನಕ ಟೈಮು. ಇಳಿದ್ರೆ ದಾರಿ ಇರ್ಲಿ. ನೋಟಿಸು ನೋಟಿಸೇ, ಅಮ್ಮೋರು ಬಿದ್ದದ್ದು ಖರೆ ಐತಲ್ಲ.” ಹಾಗೆಂದು ಹೋದರು.

ಕೃತಿಕಾ ಹತ್ತಿರ ಬಂದು ನಿಂತಳು. ಇಬ್ಬರ ನಡುವೆ ನೀರಿತ್ತು.

“ನಂಗೊತ್ತಿತ್ತು ಕಾಟಪ್ಪನೋರೆ. ಪ್ಲಾಸ್ಟಿಕ್ ತೆಗೆದ ದಿನಾನೇ ಗೊತ್ತಾತು. ಎಡಗೈ ಕರಣೆ.”

“ಮತ್ತ ಯಾಕ ಕೇಳ್ಲಿಲ್ರಿ?”

“ಕೇಳಿದ್ನಲ್ಲ.” ಅವಳು ದುಪಟ್ಟಾದ ತುದಿಯಿಂದ ಕೈ ಒರೆಸಿಕೊಂಡಳು. “ನೀವು ಹಂಗೇ ಬಂದೈತೆ ಅಂದ್ರಿ. ಎರಡು ದಿನಕ್ಕೆ ಉದ್ಘಾಟನೆ ಇತ್ತು. ನಂಗೂ ಹಂಗೇ ಬಂದೈತೆ ಅಂತ ನಂಬೋದು ಬೇಕಾಗಿತ್ತು. ಅದಕ್ಕೇ ಉತ್ತರದಾಗ ನನ್ನ ತಪ್ಪು ಅಂತ ಬರೆದಿದ್ದು. ಅದೇನು ಸುಳ್ಳಲ್ಲ.” ಗಡಿಯಾರ ನೋಡಿಕೊಂಡು, “ಆಫೀಸಿಗೆ ಹೋಗ್ಬೇಕು. ನಾಳೆ ಇಬ್ಬರು ಆಳು ಕಳಿಸ್ಲಾ?” ಎಂದಳು.

“ಬ್ಯಾಡ್ರಿ.”

ಅವಳು ಗೇಟಿನವರೆಗೆ ಹೋಗುವುದನ್ನು ನೋಡುತ್ತ ನಿಂತ. ಒಂದು ವರ್ಷದಿಂದ ಒಬ್ಬನೇ ಹೊತ್ತೆ ಎಂದುಕೊಂಡಿದ್ದನ್ನು ಇವಳೂ ಎಲ್ಲೋ ಒಬ್ಬಳೇ ಹೊತ್ತು ತಿರುಗುತ್ತಿದ್ದಳು. ಎಷ್ಟು ಸಲ ಫೋನಿನಲ್ಲಿ ಮಾತಾಡಿದ್ದರು, ಮಳೆ ಹೇಗೆ, ಆರೋಗ್ಯ ಹೇಗೆ ಎಂದು. ಅಷ್ಟು ಹತ್ತಿರವಿದ್ದರೂ ಇಬ್ಬರಿಗೂ ಅದರಿಂದ ಏನೂ ಹಗುರವಾಗಿರಲಿಲ್ಲ. ಹೇಳಿದ ಮೇಲೆ ಹಗುರಾಗುತ್ತದೆ ಎನ್ನುತ್ತಾರೆ. ಅವನಿಗೆ ಖಾಲಿ ಮನೆಯಲ್ಲಿ ದೀಪ ಹಾಕಿದ ಹಾಗಾಗಿತ್ತು. ಎಲ್ಲವೂ ಕಾಣುತ್ತಿತ್ತು, ಯಾರೂ ಇರಲಿಲ್ಲ.

ಚೀಲದಿಂದ ಚಾಣ ಮತ್ತು ಸುತ್ತಿಗೆ ತೆಗೆದು ಬೆಂಚಿನ ಬುಡದಲ್ಲಿ ಮೊಣಕಾಲೂರಿದ. ಸರ್ವಮಂಗಳಮ್ಮ ತಮ್ಮ ಚೀಲದಿಂದ ಎಡಗೈಯಲ್ಲಿ ಕಷ್ಟಪಟ್ಟು ಒಂದು ಬಾಳೆಹಣ್ಣು ತೆಗೆದು, ಬೆಂಚಿನ ತುದಿಯಲ್ಲಿ, ಅವನ ಕೈಗೆ ಎಟುಕುವ ಹಾಗೆ ಇಟ್ಟರು. ಆಮೇಲೆ ಅವನ ಕಡೆ ಬೆನ್ನಾಗುವಂತೆ ಪಕ್ಕಕ್ಕೆ ತಿರುಗಿ, ಮರವನ್ನು ನೋಡುತ್ತ ಕೂತರು.

ಮೊದಲ ಏಟು ಅರ್ಧಚಂದ್ರದ ನಡುವೆ ಬಿತ್ತು. ತನ್ನ ಕೆಲಸದ ಗಟ್ಟಿತನ ಅವನ ಮಣಿಕಟ್ಟಿಗೇ ತಿರುಗಿ ಬಡಿಯಿತು. ಚೆನ್ನಾಗಿ ಹಚ್ಚಿದ್ದ. ನಾಲ್ಕನೆಯ ಏಟಿಗೆ ಒಂದು ಚಕ್ಕೆ ಎದ್ದು, ಅದರ ಅಡಿಯಲ್ಲಿ ಜಲ್ಲಿ ಜಲ್ಲಿಯ ನಡುವೆ ಸಣ್ಣ ಕತ್ತಲೊಂದು ಕಾಣಿಸಿತು. ನಿಂತಿದ್ದ ನೀರು ಅದರ ಅಂಚಿಗೆ ಬಂದು, ಒಂದು ಸುತ್ತು ತಿರುಗಿ, ಒಳಗೆ ಇಳಿಯಿತು. ಕಾಟಪ್ಪ ಚಾಣವನ್ನು ಕೆಳಗಿಟ್ಟು ಆ ತೂತಿಗೆ ಬೆರಳಿಟ್ಟ. ತಣ್ಣಗಿತ್ತು.

“ಒಂದು” ಎಂದ.

“ಏನಂದಿ ಕಾಟಪ್ಪ?”

“ಏನಿಲ್ರಿ ಅಮ್ಮೋರೆ.”

ಮತ್ತೆ ಸುತ್ತಿಗೆ ಎತ್ತಿದ. ಮಧ್ಯಾಹ್ನದ ಹೊತ್ತಿಗೆ ಸರ್ವಮಂಗಳಮ್ಮ ಎದ್ದು, ಒಡೆದ ಜಾಗವನ್ನು ಬಳಸಿಕೊಂಡು ಹುಲ್ಲಿನ ಮೇಲೆ ನಿಧಾನವಾಗಿ ಮನೆಗೆ ಹೋದರು. ಮಾಲಿ ಊಟಕ್ಕೆ ಹೋದ. ಸಣ್ಣಗೆ ಹನಿ ಶುರುವಾಯಿತು. ದಾರಿಯ ಮೇಲೆ ಬಿದ್ದ ಹನಿಗಳು ಎಲ್ಲ ಕಡೆಯೂ ಸದ್ದಿಲ್ಲದೆ ಒಳಗೆ ಹೋದವು. ಇಲ್ಲಿ ಮಾತ್ರ ಇನ್ನೂ ದಾರಿ ಹುಡುಕುತ್ತಿದ್ದವು. ನಲವತ್ತಮೂರರ ಮೇಲೆ ಬೆರಳಿಟ್ಟಾಗ ಅವನ ಕೈ ತಾನಾಗಿಯೇ ನಿಂತಿತು. ಸಾಕು ಎನ್ನಲು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದು, ಕಾಟಪ್ಪ ನಲವತ್ತನಾಲ್ಕು ಎಂದ.